ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಸೈನ್ಯ

ದೇಶದ ಭದ್ರತೆ ಅಂದರೆ ನಮ್ಮ ತಲೆಗೆ ಬರುವುದು ಕ್ಷಿಪಣಿ, ಯುದ್ಧವಿಮಾನ, ಗಡಿ. ಲಂಚ ಅಂದರೆ ಆರ್‌ಟಿಒ, ಸಬ್ ರಿಜಿಸ್ಟ್ರಾರ್ ಆಫೀಸು, ಹೆಚ್ಚೆಂದರೆ ಒಂದು ಲೋಕಾಯುಕ್ತ ದಾಳಿ. ಎರಡನ್ನೂ ಬೇರೆ ಬೇರೆ ಖಾನೆಗೆ ಹಾಕಿಟ್ಟುಬಿಟ್ಟಿದ್ದೇವೆ. "ಲಂಚ ಎಲ್ಲಿಲ್ಲ ಹೇಳಿ ಸಾರ್, ಅದು ಅವರವರ ದೇಶದ ಒಳಗಿನ ವಿಷಯ" ಎಂದು ಮೊನ್ನೆ ಸ್ನೇಹಿತರೊಬ್ಬರು ವಾದ ಹಾಕಿದರು. ವಾಟ್ಸಾಪಿನಲ್ಲಿ ಉತ್ತರ ಬರೆಯಲು ಹೋದೆ, ಉದ್ದ ಆಯಿತು. ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಒಳಗಿನ ವಿಷಯ ಒಳಗೇ ಉಳಿಯುವುದಿಲ್ಲ. ಮೊದಲು ಭದ್ರತೆ ಸರಿಮಾಡೋಣ, ಲಂಚದ ವಿಷಯ ಆಮೇಲೆ ನೋಡೋಣ ಅಂದವರೆಲ್ಲ ಎರಡನ್ನೂ ಕಳೆದುಕೊಂಡಿದ್ದಾರೆ. ಇದಕ್ಕೆ ಅಫ್ಘಾನಿಸ್ತಾನಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

2021ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಒಂದು ಲೆಕ್ಕ ಹೇಳಿದ್ದರು. ಅಫ್ಘಾನ್ ಸರ್ಕಾರದ ಬಳಿ 3 ಲಕ್ಷ ಜನರ ಪಡೆ ಇದೆ, ಎದುರಿಗಿರುವ ತಾಲಿಬಾನ್ ಸುಮಾರು 75 ಸಾವಿರ. ಆ ಲೆಕ್ಕ ನೋಡಿದರೆ ಯಾರು ಗೆಲ್ಲಬೇಕು? ಆದರೆ ಆಗಸ್ಟ್ 15ಕ್ಕೆ ತಾಲಿಬಾನ್ ಕಾಬೂಲಿನೊಳಗೆ ಇತ್ತು. ಆ ಪಡೆಯನ್ನು ಕಟ್ಟಲು 20 ವರ್ಷಗಳಲ್ಲಿ ಅಮೆರಿಕ ಸುರಿದದ್ದು ಹತ್ತಿರ ಹತ್ತಿರ 90 ಬಿಲಿಯನ್ ಡಾಲರ್.

ಆ 3 ಲಕ್ಷ ಜನ ಎಲ್ಲಿ ಹೋದರು? ಹೋಗಲು ಅವರು ಇದ್ದರೆ ತಾನೆ! ಕಾಬೂಲ್ ಬೀಳುವ ಕೆಲವೇ ದಿನ ಮುಂಚೆ ರಾಜೀನಾಮೆ ಕೊಟ್ಟು ದೇಶ ಬಿಟ್ಟ ಹಣಕಾಸು ಮಂತ್ರಿ ಖಾಲಿದ್ ಪಾಯೆಂದಾ ಆಮೇಲೆ ಬಿಬಿಸಿಗೆ ಹೇಳಿದ ಮಾತು ಇದು: ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಇರಲೇ ಇಲ್ಲ. ಸತ್ತವರ ಹೆಸರು, ಬಿಟ್ಟು ಹೋದವರ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತಿತ್ತು. ಅವರ ಬ್ಯಾಂಕ್ ಕಾರ್ಡುಗಳು ಕಮಾಂಡರ್ ಜೇಬಿನಲ್ಲಿ. ತಿಂಗಳಾದರೆ ಸಂಬಳ ಡ್ರಾ ಮಾಡುವವನು ಅವನೇ.

ನಮ್ಮಲ್ಲಿ ಉದ್ಯೋಗ ಖಾತ್ರಿ ಕೆಲಸದ ಹಾಜರಿ ಪಟ್ಟಿಯಲ್ಲಿ ಸತ್ತವರು ಕೆರೆ ಹೂಳೆತ್ತುವುದನ್ನು ಕೇಳಿದ್ದೇವಲ್ಲ, ಅದೇ ವಿದ್ಯೆ. ಆದರೆ ಕೆರೆಯ ಹೂಳು ಎತ್ತದಿದ್ದರೆ ಮುಂದಿನ ವರ್ಷ ಎತ್ತಬಹುದು. ಚೆಕ್‌ಪೋಸ್ಟಿನಲ್ಲಿ 30 ಜನ ಇದ್ದಾರೆ ಎಂದು ಪುಸ್ತಕ ಹೇಳಿ, ನಿಜವಾಗಿ ಎಂಟು ಜನ ಇದ್ದರೆ, ಆ ಎಂಟು ಜನ ರಾತ್ರಿ ಸಾಯುತ್ತಾರೆ. ಅವರಿಗೂ ಅದು ಗೊತ್ತು. ಆದ್ದರಿಂದ ಎದುರಾಳಿ ಬರುವ ಮೊದಲೇ ಬಂದೂಕು ಇಟ್ಟು ಹೋಗುತ್ತಾರೆ. ಅದನ್ನು ಹೇಡಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಂದಹಾರ್ ಬೀಳುವ ದಿನಗಳಲ್ಲಿ ಮುಂಚೂಣಿಯಲ್ಲಿದ್ದ ಪೊಲೀಸರಿಗೆ ದಿನದ ಊಟ ಎಂದು ಬಂದದ್ದು ಲೋಳೆಗಟ್ಟಿದ ಆಲೂಗಡ್ಡೆಯ ಒಂದು ರಟ್ಟಿನ ಪೆಟ್ಟಿಗೆ. ಅಮೆರಿಕದ ಪತ್ರಿಕೆಗಳಲ್ಲಿ ಇದು ಬಂದಿತ್ತು. ಎಷ್ಟೋ ಕಡೆ ತಿಂಗಳುಗಟ್ಟಲೆ ಸಂಬಳವೂ ಇರಲಿಲ್ಲ. ದುಡ್ಡು ಇರಲಿಲ್ಲವೇ? ಇತ್ತು. ವಾಷಿಂಗ್ಟನ್ನಿನಿಂದ ಹೊರಟ ದುಡ್ಡು ಮುಂಚೂಣಿಯ ಕಂದಕದೊಳಗೆ ಕೂತವನನ್ನು ತಲುಪುವಷ್ಟರಲ್ಲಿ ಆಲೂಗಡ್ಡೆ ಆಗಿತ್ತು, ಅಷ್ಟೇ.

2009ರಲ್ಲಿ ವಾರ್ದಕ್ ಪ್ರಾಂತ್ಯದಲ್ಲಿ ಪೊಲೀಸರ ಸಂಬಳವನ್ನು ನೇರವಾಗಿ ಅವರ ಮೊಬೈಲಿಗೆ ಹಾಕಿ ನೋಡಿದರು. ಪೊಲೀಸರು ಖುಷಿಯಾದರು, ನಮಗೆಲ್ಲ ಶೇ. 30ರಷ್ಟು ಸಂಬಳ ಜಾಸ್ತಿ ಮಾಡಿದ್ದಾರೆ ಅಂದುಕೊಂಡರು! ಜಾಸ್ತಿ ಏನೂ ಆಗಿರಲಿಲ್ಲ. ಮೊದಲ ಸಲ ಪೂರ್ತಿ ಸಂಬಳ ಕೈಗೆ ಬಂದಿತ್ತು.

ಈಗ ನನಗೆ ತುಂಬ ಇಷ್ಟವಾದ, ಅಂದರೆ ತುಂಬ ಹೊಟ್ಟೆ ಉರಿಸಿದ ಕಥೆಗೆ ಬರುತ್ತೇನೆ. ಬ್ಯಾಂಕಿನಲ್ಲೇ ತಲೆಗೂದಲು ನೆರೆಸಿಕೊಂಡವನು ನಾನು. ಬೇನಾಮಿ ಸಾಲ, ನಕಲಿ ಕೊಟೇಶನ್, ಒಂದೇ ಎಮ್ಮೆಯನ್ನು ನಾಲ್ಕು ಜನರ ಸಾಲಕ್ಕೆ ತೋರಿಸುವುದು, ಇದೆಲ್ಲ ನೋಡಿದ್ದೇನೆ. ಕಾಬೂಲ್ ಬ್ಯಾಂಕಿನ ಮುಂದೆ ಅದೆಲ್ಲ ಮಕ್ಕಳಾಟ.

ಈ ಬ್ಯಾಂಕು ಶುರುವಾದದ್ದು 2004ರಲ್ಲಿ. ಶುರು ಮಾಡಿದವನು ಶೇರ್‌ಖಾನ್ ಫರ್ನೂದ್, ಹವಾಲಾ ವ್ಯಾಪಾರಿ. ಜೊತೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗೆದ್ದ ಪೋಕರ್ ಆಟಗಾರ. ಇಸ್ಪೀಟಿನವನ ಕೈಗೆ ಬ್ಯಾಂಕ್ ಲೈಸೆನ್ಸು! ಷೇರುದಾರರು ಯಾರು? ಅಧ್ಯಕ್ಷ ಹಮೀದ್ ಕರ್ಜಾಯಿಯ ಅಣ್ಣ ಮಹಮೂದ್ ಕರ್ಜಾಯಿ. ಉಪಾಧ್ಯಕ್ಷ ಫಹೀಮ್ ಅವರ ತಮ್ಮ ಹಸೀನ್ ಫಹೀಮ್. ಇಷ್ಟಾದ ಮೇಲೆ ತಪಾಸಣೆ ಮಾಡುವವನಿಗೆ ಧೈರ್ಯ ಎಲ್ಲಿಂದ ಬರಬೇಕು? ಠೇವಣಿ ಇಟ್ಟವರಿಗೆ ಲಾಟರಿ ಬಹುಮಾನದ ಆಸೆ ತೋರಿಸಿ ದೇಶದ ಜನರ ಉಳಿತಾಯವನ್ನೆಲ್ಲ ಎಳೆದುಕೊಂಡರು. ಸರ್ಕಾರ ಸೈನಿಕರ, ಪೊಲೀಸರ, ಶಾಲಾ ಮೇಷ್ಟ್ರುಗಳ ಸಂಬಳ ಹಂಚುವ ಕೆಲಸವನ್ನೂ ಇದೇ ಬ್ಯಾಂಕಿಗೆ ಕೊಟ್ಟಿತು.

ಲೆಕ್ಕದ ಪುಸ್ತಕ ಎರಡು. ಕಾಬೂಲಿನಲ್ಲಿ ತಪಾಸಣೆಯವರಿಗೆ ತೋರಿಸಲು ಒಂದು, ನಿಜದ್ದು ಇನ್ನೊಂದು. ಸಾಲದ ಕಡತಗಳಲ್ಲಿದ್ದ ಕಂಪನಿಗಳು ಕಾಗದದಲ್ಲಿ ಮಾತ್ರ ಇದ್ದವು. ಅವುಗಳ ರಬ್ಬರ್ ಸ್ಟ್ಯಾಂಪುಗಳು ಬ್ಯಾಂಕಿನೊಳಗೇ ಸಿಕ್ಕವು. ಕೊನೆಗೆ ತನಿಖೆಯವರು ಲೆಕ್ಕ ಹಾಕಿದಾಗ ಗೊತ್ತಾಯಿತು, ಕೊಟ್ಟ ಸಾಲದಲ್ಲಿ ಶೇ. 92ಕ್ಕೂ ಜಾಸ್ತಿ, ಅಂದರೆ ಸುಮಾರು 861 ಮಿಲಿಯನ್ ಡಾಲರ್, ಹೋಗಿದ್ದು ಕೇವಲ 19 ವ್ಯಕ್ತಿಗಳಿಗೆ ಮತ್ತು ಕಂಪನಿಗಳಿಗೆ. ಹಣ ದೇಶ ಬಿಟ್ಟದ್ದು ಹೇಗೆ? ಬ್ಯಾಂಕಿನ ಮಾಲೀಕರದ್ದೇ ಒಂದು ವಿಮಾನ ಕಂಪನಿ ಇತ್ತು, ಪಾಮೀರ್ ಏರ್‌ವೇಸ್. ಅದರ ಊಟದ ಟ್ರೇಗಳಲ್ಲಿ ನೋಟು ತುಂಬಿ ಕಳಿಸುತ್ತಿದ್ದರು. ದುಬೈನ ಪಾಮ್ ಜುಮೇರಾದಲ್ಲಿ, ಆ ತಾಳೆಮರದ ಆಕಾರದ ದ್ವೀಪ ಇದೆಯಲ್ಲ, ಅಲ್ಲಿ ಒಂದೊಂದಾಗಿ ವಿಲ್ಲಾಗಳು ಕೊಳ್ಳಲ್ಪಟ್ಟವು.

2010ರ ಸೆಪ್ಟೆಂಬರಿನಲ್ಲಿ ಸುದ್ದಿ ಹೊರಬಿತ್ತು. ಜನ ಬ್ಯಾಂಕಿಗೆ ಮುಗಿಬಿದ್ದರು. ಆ ಸಾಲಿನಲ್ಲಿ ಸಂಬಳಕ್ಕಾಗಿ ಕಾದ ಪೊಲೀಸರೂ ಸೈನಿಕರೂ ಇದ್ದರು. ದೇಶದ ಕೇಂದ್ರ ಬ್ಯಾಂಕು 800 ಮಿಲಿಯನ್ ಡಾಲರಿಗೂ ಮೀರಿ ಸುರಿದು ಅದನ್ನು ನಿಲ್ಲಿಸಬೇಕಾಯಿತು. ಕೇಂದ್ರ ಬ್ಯಾಂಕಿನ ಗವರ್ನರ್ ಅಬ್ದುಲ್ ಖದೀರ್ ಫಿತ್ರತ್ ಮರುವರ್ಷ ಸಂಸತ್ತಿನಲ್ಲಿ ಹೆಸರು ಹೇಳಿದರು. ಅದೇ ವರ್ಷ ಜೀವಕ್ಕೆ ಅಪಾಯ ಇದೆ ಎಂದು ಅಮೆರಿಕಕ್ಕೆ ಓಡಿಹೋದರು. ಹಗರಣ ಮಾಡಿದವರಲ್ಲ, ಹೆಸರು ಹೇಳಿದವರು ಓಡಬೇಕಾಯಿತು.

ಇನ್ನೂ ಒಂದಿದೆ. ಬ್ಯಾಂಕಿನ ಮುಖ್ಯಾಧಿಕಾರಿ ಆಗಿದ್ದ ಖಲೀಲುಲ್ಲಾ ಫಿರೋಜಿಗೆ ಜೈಲು ಶಿಕ್ಷೆ ಆಗಿತ್ತು. 2015ರಲ್ಲಿ, ಶಿಕ್ಷೆ ಇನ್ನೂ ಮುಗಿಯದಿರುವಾಗ, ಅದೇ ಫಿರೋಜಿ ಸರ್ಕಾರದ ಜೊತೆ ಕೂತು ಒಂದು ದೊಡ್ಡ ಟೌನ್‌ಶಿಪ್ ಯೋಜನೆಗೆ ಸಹಿ ಹಾಕಿದ. ಕ್ಯಾಮೆರಾಗಳ ಮುಂದೆಯೇ! ಜನ ರೊಚ್ಚಿಗೆದ್ದ ಮೇಲೆ ಯೋಜನೆ ಕೈಬಿಟ್ಟರು. ಕಾಬೂಲ್ ಬ್ಯಾಂಕಿನ ಕಡತ ಮತ್ತೆ ತೆರೆಯುತ್ತೇನೆ ಎಂದು ಅಬ್ಬರಿಸಿ ಬಂದಿದ್ದ, ಕರ್ಜಾಯಿ ನಂತರದ ಅಧ್ಯಕ್ಷ ಅಶ್ರಫ್ ಘನಿಯ ಆಡಳಿತದಲ್ಲಿ ನಡೆದದ್ದು ಇದು.

ದೊಡ್ಡವರ ಕಥೆ ಬಿಡಿ, ಸಾಮಾನ್ಯ ಜನರ ಪಾಡು ಕೇಳಿ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2010ರಲ್ಲಿ ಒಂದು ಸಮೀಕ್ಷೆ ಹೊರತಂದಿತ್ತು. ಹಿಂದಿನ ಒಂದು ವರ್ಷದಲ್ಲಿ ಅಫ್ಘಾನರು ಕೊಟ್ಟ ಲಂಚ 2.5 ಬಿಲಿಯನ್ ಡಾಲರ್. ದೇಶದ ಒಟ್ಟು ಉತ್ಪನ್ನದ ಹತ್ತಿರ ಹತ್ತಿರ ಕಾಲು ಭಾಗ. ನಿಮ್ಮ ದೊಡ್ಡ ಸಮಸ್ಯೆ ಏನು ಅಂತ ಕೇಳಿದಾಗ ಶೇ. 59 ಜನ ಲಂಚ ಅಂದರು, ಶೇ. 54 ಜನ ಅಭದ್ರತೆ ಅಂದರು. ನೆನಪಿಡಿ, ಬಾಂಬುಗಳು ಸಿಡಿಯುತ್ತಿದ್ದ ದೇಶ ಅದು.

ಇದರಲ್ಲಿ ಆಶ್ಚರ್ಯ ಇಲ್ಲ. ಬಾಂಬು ಯಾವತ್ತೋ ಒಂದು ದಿನ. ಪೊಲೀಸು, ತಹಸೀಲ್ದಾರು, ಜಡ್ಜು ಪ್ರತಿದಿನ. ಜಮೀನಿನ ತಗಾದೆ ಇಟ್ಟುಕೊಂಡು ಸರ್ಕಾರಿ ಕೋರ್ಟಿಗೆ ಹೋದವನು ವರ್ಷಗಟ್ಟಲೆ ಅಲೆಯಬೇಕು, ಜಾಸ್ತಿ ಕೊಟ್ಟವನ ಪರ ತೀರ್ಪು. ಪಕ್ಕದ ಹಳ್ಳಿಯಲ್ಲಿ ತಾಲಿಬಾನಿನ ಖಾಜಿ ಕೂತಿರುತ್ತಿದ್ದ. ಒಂದೆರಡು ದಿನದಲ್ಲಿ ತೀರ್ಮಾನ, ಕಾಸಿಲ್ಲ. ಅವನ ನ್ಯಾಯ ಎಷ್ಟು ಕ್ರೂರ, ಹೆಂಗಸರಿಗೆ ಅದರಲ್ಲಿ ಏನು ಜಾಗ, ಎಲ್ಲ ಗೊತ್ತಿದ್ದೂ ಜನ ಅಲ್ಲಿಗೆ ಹೋದರು. ತಾಲಿಬಾನ್ ಮೇಲಿನ ಪ್ರೀತಿಯಿಂದ ಅಲ್ಲ. ಇಲ್ಲಿ ಸುಲಿಸಿಕೊಂಡು ಸಾಕಾಗಿ. ನಮ್ಮಲ್ಲಿ ಅನೇಕರು ಇದನ್ನು ಬರೀ ಧರ್ಮದ ಹುಚ್ಚು ಎಂದು ತಳ್ಳಿಹಾಕುತ್ತಾರೆ. ಧರ್ಮ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ತನ್ನ ಜೇಬಿಗೆ ಕೈಹಾಕಿದ, ಹೆಂಡತಿ ಮಕ್ಕಳ ಮುಂದೆ ಅವಮಾನ ಮಾಡಿದ ಸರ್ಕಾರಕ್ಕಾಗಿ ಯಾರು ಪ್ರಾಣ ಕೊಡುತ್ತಾರೆ ಹೇಳಿ.

ಹಾಗಂತ ಅಫ್ಘಾನರೇ ಕೆಟ್ಟವರು, ಅಮೆರಿಕದವರು ಪಾಪ ಮೋಸಹೋದರು ಅನ್ನುವ ಕಥೆಯನ್ನೂ ನಾನು ಒಪ್ಪುವುದಿಲ್ಲ. 2010ರ ಜುಲೈನಲ್ಲಿ ಅಫ್ಘಾನ್ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಮಂಡಳಿಯ ಅಧಿಕಾರಿ ಮೊಹಮ್ಮದ್ ಜಿಯಾ ಸಾಲೇಹಿಯನ್ನು ಬಂಧಿಸಿದರು. ಒಂದು ಹವಾಲಾ ಕಂಪನಿಯ ತನಿಖೆ ತಡೆಯಲು ಮಗನಿಗೆ ಕಾರು ಕೇಳಿದ ಎಂಬ ಆರೋಪ, ಫೋನ್ ರೆಕಾರ್ಡ್ ಕೂಡ ಇತ್ತು. ಕರ್ಜಾಯಿ ಮಧ್ಯೆ ಬಂದರು, ಕೆಲವೇ ಗಂಟೆಗಳಲ್ಲಿ ಅವನು ಹೊರಗೆ. ಈ ತನಿಖೆಗೆ ಬೆನ್ನಿಗೆ ನಿಂತವರು ಅಮೆರಿಕದ ಅಧಿಕಾರಿಗಳು. ಸಾಲೇಹಿಗೆ ಸಂಬಳ ಕೊಡುತ್ತಿದ್ದದ್ದು ಅಮೆರಿಕದ್ದೇ ಸಿಐಎ ಎಂದು ಆಮೇಲೆ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ತನ್ನ ಕಚೇರಿಗೆ ಸಿಐಎ ನಗದು ಕೊಡುತ್ತಿತ್ತು ಎಂದು 2013ರಲ್ಲಿ ಕರ್ಜಾಯಿಯೇ ಒಪ್ಪಿಕೊಂಡರು. ಅದಕ್ಕೂ ಮೊದಲು ಇರಾನಿನಿಂದ ನಗದಿನ ಚೀಲ ಬರುವುದನ್ನೂ ಒಪ್ಪಿಕೊಂಡಿದ್ದರು. ಎರಡೂ ಕಡೆಯಿಂದ!

ಸೈನ್ಯಕ್ಕೆ ಸಾಮಾನು ಸಾಗಿಸುವ ಲಾರಿ ಕಾಂಟ್ರಾಕ್ಟ್ ಇನ್ನೊಂದು. 2.16 ಬಿಲಿಯನ್ ಡಾಲರಿನದ್ದು. ದಾರಿಯುದ್ದಕ್ಕೂ ಲಾರಿಗಳನ್ನು ಸುಮ್ನೆ ಬಿಡಲು ಸ್ಥಳೀಯ ಪಾಳೇಗಾರರಿಗೆ ಮಾಮೂಲಿ ಕೊಡಬೇಕಿತ್ತು. ಆ ಮಾಮೂಲಿಯಲ್ಲಿ ಒಂದು ಪಾಲು ತಾಲಿಬಾನಿಗೂ ಹೋಗುತ್ತಿರಬಹುದು ಎಂದು 2010ರಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿಯೇ ವರದಿ ಕೊಟ್ಟಿತು. ತನ್ನ ಸೈನಿಕರ ಊಟ ಸಾಗಿಸಲು, ಅವರನ್ನು ಕೊಲ್ಲುವವರಿಗೇ ದುಡ್ಡು. ಇದೆಲ್ಲ ಗೊತ್ತಿದ್ದೂ ನಡೆಯಿತು. ಯಾಕೆಂದರೆ ಪಾಳೇಗಾರರು ಸದ್ಯಕ್ಕೆ ಬೇಕು, ಭದ್ರತೆ ಮೊದಲು, ಸ್ವಚ್ಛತೆ ಆಮೇಲೆ. ಕಾಬೂಲಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ರಯನ್ ಕ್ರಾಕರ್ ಕೊನೆಗೆ ಹೇಳಿದರು, ನಮ್ಮನ್ನು ಸೋಲಿಸಿದ್ದು ಬಂಡುಕೋರರಲ್ಲ, ಮೂಲೆಮೂಲೆಗೂ ಹಬ್ಬಿದ ಭ್ರಷ್ಟಾಚಾರದ ಭಾರ ಎಂದು. ಹೇಳಿದ್ದು ಸರಿಯೇ, ಆದರೆ ತಡವಾಗಿ.

ಪಾಕಿಸ್ತಾನ ತಾಲಿಬಾನಿಗೆ ಆಸರೆ ಕೊಟ್ಟದ್ದು, ಅಮೆರಿಕ ತಾಲಿಬಾನ್ ಜೊತೆ ಮಾಡಿಕೊಂಡ 2020ರ ದೋಹಾ ಒಪ್ಪಂದ ಅಫ್ಘಾನ್ ಪಡೆಗಳ ಮನಸ್ಸು ಮುರಿದದ್ದು, ವಿಮಾನ ರಿಪೇರಿ ಮಾಡುವ ವಿದೇಶಿ ಕಾಂಟ್ರಾಕ್ಟರುಗಳು ಎದ್ದು ಹೋದದ್ದು, ಇವೂ ಕಾರಣಗಳೇ. ಆದರೆ ಗಟ್ಟಿ ಸೈನ್ಯ ಇದ್ದಿದ್ದರೆ ಇವೆಲ್ಲ ಪೆಟ್ಟು ಆಗುತ್ತಿದ್ದವು, ಹತ್ತೇ ದಿನದಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಾಂತ್ಯಗಳ ರಾಜಧಾನಿಗಳೂ ಬೀಳುತ್ತಿರಲಿಲ್ಲ.

ಅಂದಹಾಗೆ ಘನಿ ಹೆಲಿಕಾಪ್ಟರಿನಲ್ಲಿ 169 ಮಿಲಿಯನ್ ಡಾಲರ್ ತುಂಬಿಕೊಂಡು ಓಡಿದ ಎಂಬ ಸುದ್ದಿಯನ್ನು ಆಗ ನಾವೆಲ್ಲ ಫಾರ್ವರ್ಡ್ ಮಾಡಿದ್ದೆವು. ಅಮೆರಿಕ ಸರ್ಕಾರದ ಅಫ್ಘಾನ್ ಮರುನಿರ್ಮಾಣದ ಲೆಕ್ಕ ತಪಾಸಣಾ ಸಂಸ್ಥೆ ಸಿಗಾರ್ ಅದನ್ನು ತನಿಖೆ ಮಾಡಿತು. ಅಷ್ಟು ಹಣ ಹೋಗಿರುವ ಸಾಧ್ಯತೆ ಕಡಿಮೆ, ಇದ್ದರೆ ಐದು ಲಕ್ಷ ಡಾಲರಿನ ಆಸುಪಾಸು ಎಂದಿತು. ನಿಜವಾದ ಹಣ ಹೆಲಿಕಾಪ್ಟರಿಗೆ ಕಾದು ಕೂತಿರಲಿಲ್ಲ. ವರ್ಷಗಳ ಹಿಂದೆಯೇ ಊಟದ ಟ್ರೇಯಲ್ಲಿ ಹೋಗಿತ್ತು.

ಇದರ ಬಿಲ್ಲು ಯಾರು ಕಟ್ಟಿದರು? ಅಫ್ಘಾನ್ ಹೆಣ್ಣುಮಕ್ಕಳು ಶಾಲೆ ಕಳೆದುಕೊಂಡು ಕಟ್ಟುತ್ತಿದ್ದಾರೆ. ಅವರ ಮುಂದೆ ಉಳಿದವರ ನಷ್ಟ ಸಣ್ಣದು. ಆದರೆ ಸುತ್ತಲಿನವರೂ ಕಟ್ಟುತ್ತಿದ್ದಾರೆ. ಹಿಂದೆ ಬಿಟ್ಟುಹೋದ ಸುಮಾರು 7 ಬಿಲಿಯನ್ ಡಾಲರಿನ ಅಮೆರಿಕನ್ ಸಾಮಗ್ರಿ ತಾಲಿಬಾನಿನ ಕೈಸೇರಿತು. ಆ ಬಂದೂಕುಗಳು ಈಗ ಪಾಕಿಸ್ತಾನದ ಒಳಗೂ ಹಾರುತ್ತಿವೆ. ನಮ್ಮ ದೇಶ ಕಟ್ಟಿಕೊಟ್ಟ ಸಂಸತ್ ಭವನ, ಸಲ್ಮಾ ಅಣೆಕಟ್ಟು, ಜರಂಜ್‌ನಿಂದ ದೆಲಾರಾಮಿಗೆ 218 ಕಿ.ಮೀ. ರಸ್ತೆ, ಎಲ್ಲವೂ ಅಲ್ಲೇ ಇವೆ. ಆ ಆಗಸ್ಟ್‌ನಲ್ಲಿ ಕಾಬೂಲಿನಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರನ್ನು ಕರೆತರಲು ನಮ್ಮ ರಾಜ್ಯ ಸರ್ಕಾರ ಒಬ್ಬ ಹಿರಿಯ ಐಪಿಎಸ್ ಅಧಿಕಾರಿಯನ್ನು ನೋಡಲ್ ಅಧಿಕಾರಿಯಾಗಿ ನೇಮಿಸಬೇಕಾಯಿತು. "ಅವರ ದೇಶದ ಒಳಗಿನ ವಿಷಯ" ಅಂದವರು ಇದನ್ನೂ ಸ್ವಲ್ಪ ನೋಡಬೇಕು.

ಇರಾಕಿನದ್ದೂ ಇದೇ ಕಥೆ, ಆದರೆ ಅಫ್ಘಾನಿಸ್ತಾನಕ್ಕಿಂತ ಏಳು ವರ್ಷ ಮೊದಲು. 2014ರ ಜೂನ್, ಮೊಸೂಲ್ ನಗರ. ಪುಸ್ತಕದ ಪ್ರಕಾರ ಅಲ್ಲಿ ಸೈನಿಕರು ಮತ್ತು ಪೊಲೀಸರು ಸೇರಿ 25 ಸಾವಿರದಷ್ಟು ಜನ ಇರಬೇಕಿತ್ತು. ನಿಜಕ್ಕೂ ಇದ್ದದ್ದು ಹೆಚ್ಚೆಂದರೆ 10 ಸಾವಿರ ಎಂದು ಅಲ್ಲಿನ ಅಧಿಕಾರಿಗಳೇ ಆಮೇಲೆ ಹೇಳಿದರು. ಅರ್ಧ ಸಂಬಳ ಮೇಲಧಿಕಾರಿಗೆ ಕೊಟ್ಟು ಮನೆಯಲ್ಲೇ ಇರುವ ಸೈನಿಕರಿಗೆ ಇರಾಕಿನಲ್ಲಿ ಗಗನಯಾತ್ರಿಗಳು ಅನ್ನುವ ಅಡ್ಡಹೆಸರು ಇತ್ತು. ಐಸಿಸ್ ಒಂದೂವರೆ ಸಾವಿರದಷ್ಟು ಜನರನ್ನು ಕರೆದುಕೊಂಡು ಬಂತು, ನಗರ ಜೂನ್ 10ರಂದು ಬಿತ್ತು. ವರ್ಷದ ಕೊನೆಗೆ ಹೊಸ ಪ್ರಧಾನಿ ಹೈದರ್ ಅಲ್ ಅಬಾದಿ ತಪಾಸಣೆ ಮಾಡಿಸಿದಾಗ ನಾಲ್ಕೇ ಡಿವಿಷನ್ನುಗಳಲ್ಲಿ 50 ಸಾವಿರ ಇಲ್ಲದ ಸೈನಿಕರು ಸಿಕ್ಕರು. ಆ ಜೂನ್‌ನಲ್ಲೇ ಮೊಸೂಲಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ 39 ಭಾರತೀಯರನ್ನು ಐಸಿಸ್ ಹಿಡಿದುಕೊಂಡಿತು. ಹೆಚ್ಚಿನವರು ಪಂಜಾಬಿನವರು. ನಾಲ್ಕು ವರ್ಷ ಅವರ ಮನೆಯವರು ಕಾದರು. 2018ರ ಮಾರ್ಚ್‌ನಲ್ಲಿ ಸುಷ್ಮಾ ಸ್ವರಾಜ್ ಸಂಸತ್ತಿನಲ್ಲಿ ಎಲ್ಲರೂ ಸತ್ತಿದ್ದಾರೆ ಎಂದು ಹೇಳಿದರು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1993ರ ಮಾರ್ಚ್ 12ರ ಮುಂಬೈ ಸರಣಿ ಸ್ಫೋಟದಲ್ಲಿ 257 ಜನ ಸತ್ತರು. ಸ್ಫೋಟಕಗಳು ಸಮುದ್ರದ ಮೇಲೆ ಬಂದು ಇಳಿದದ್ದು ರಾಯಗಡ ಜಿಲ್ಲೆಯ ಶೇಖಾಡಿಯಂಥ ಸಣ್ಣ ಊರುಗಳಲ್ಲಿ. ಆ ತೀರದಲ್ಲಿ ಬೆಳ್ಳಿ, ಬಂಗಾರ ಎಷ್ಟೋ ವರ್ಷದಿಂದ ಇಳಿಯುತ್ತಿತ್ತು. ಕಸ್ಟಮ್ಸ್‌ನವರಿಗೆ, ಪೊಲೀಸರಿಗೆ ಇಷ್ಟಿಷ್ಟು ಅಂತ ದರ ನಿಗದಿ ಆಗಿತ್ತು. ಆ ಜನವರಿಯಲ್ಲಿ ಸಾಮಾನು ಹೊತ್ತ ವಾಹನಗಳನ್ನು ರಸ್ತೆಯಲ್ಲಿ ಪೊಲೀಸರು ತಡೆದರು. ಹೌದು, ತಡೆದರು! ಲಕ್ಷಗಳ ಲೆಕ್ಕದಲ್ಲಿ ಮಾತು ಮುಗಿಯಿತು. ಅಷ್ಟು ನಗದು ಕೈಯಲ್ಲಿ ಇರಲಿಲ್ಲ ಅಂತ ಭದ್ರತೆಗೆ ಬೆಳ್ಳಿ ಗಟ್ಟಿಗಳನ್ನು ಕೊಟ್ಟು ಹೋದರು. ಸಾಲಕ್ಕೆ ಅಡಮಾನ ಬರೆಸಿಕೊಂಡು ಬದುಕಿದವನು ನಾನು, ಲಂಚಕ್ಕೂ ಅಡಮಾನ ಇರುತ್ತದೆ ಅಂತ ಆ ಕೇಸಿನ ವಿವರ ಓದಿದಾಗಲೇ ತಿಳಿದದ್ದು. ನಾವು ಬೆಳ್ಳಿ ಕಳ್ಳಸಾಗಣೆ ಅಂದುಕೊಂಡಿದ್ದೆವು ಅನ್ನುವ ವಾದವೂ ಕೋರ್ಟಿನಲ್ಲಿ ಬಂತು. ಅದು ನಿಜವೇ ಇರಬಹುದು. ಆದರೆ ಕಣ್ಣು ಮುಚ್ಚಲು ದುಡ್ಡು ತಗೊಂಡವನಿಗೆ ಚೀಲದಲ್ಲಿ ಏನಿದೆ ಅಂತ ನೋಡುವ ಹಕ್ಕು ಎಲ್ಲಿ ಉಳಿಯಿತು? ಕಸ್ಟಮ್ಸ್ ಅಧಿಕಾರಿಗಳಿಗೂ ಪೊಲೀಸರಿಗೂ ಶಿಕ್ಷೆ ಆಯಿತು.

ಮಾಸ್ಕೋದಲ್ಲಿ ದರ ಇನ್ನೂ ಅಗ್ಗ. 2004ರ ಆಗಸ್ಟ್‌ನಲ್ಲಿ ದೊಮೊದೆದೊವೊ ವಿಮಾನ ನಿಲ್ದಾಣದಿಂದ ಹೊರಟ ಎರಡು ವಿಮಾನಗಳನ್ನು ಆತ್ಮಾಹುತಿ ಬಾಂಬರ್‌ಗಳು ಆಕಾಶದಲ್ಲೇ ಉಡಾಯಿಸಿದರು. ಅವರಲ್ಲಿ ಒಬ್ಬಳನ್ನು ವಿಮಾನ ಹತ್ತಿಸಲು ಅಲ್ಲಿನ ಸಿಬ್ಬಂದಿಯ ಕೈಗೆ ಹೋದದ್ದು 1,000 ರೂಬಲ್. ಆಗಿನ ಲೆಕ್ಕಕ್ಕೆ ನಮ್ಮ ಒಂದೂವರೆ ಸಾವಿರ ರೂಪಾಯಿ. ಸತ್ತವರು ಸುಮಾರು 90 ಜನ.

ಈಗ ನಮ್ಮ ಮನೆಯ ಮಾತು. ರಸ್ತೆಯಲ್ಲಿ ವಾಹನ ತಡೆಯುವ ಪಿಎಸ್‌ಐ ಹುದ್ದೆಗೆ ನಮ್ಮಲ್ಲೇ ಏನಾಯಿತು? 545 ಹುದ್ದೆಗಳ ಪರೀಕ್ಷೆಯಲ್ಲಿ ಬ್ಲೂಟೂತ್, ಓಎಂಆರ್ ಶೀಟು ತಿದ್ದುವುದು, ಲಕ್ಷಗಟ್ಟಲೆ ವ್ಯವಹಾರ ಎಲ್ಲ ಹೊರಬಂದು 2022ರಲ್ಲಿ ಪರೀಕ್ಷೆಯನ್ನೇ ರದ್ದು ಮಾಡಿದರು. ಅದನ್ನು ನಾವು ನಿರುದ್ಯೋಗಿಗಳಿಗೆ ಆದ ಅನ್ಯಾಯ ಎಂದು ನೋಡಿದೆವು. ಅದು ಖಂಡಿತ ಅನ್ಯಾಯವೇ. ಆದರೆ ದುಡ್ಡು ಹಾಕಿ ಯೂನಿಫಾರ್ಮ್ ತೊಟ್ಟವನು ಮೊದಲು ಮಾಡುವುದು ಹಾಕಿದ್ದನ್ನು ವಾಪಸ್ ತೆಗೆಯುವ ಕೆಲಸ. ಅವನ ಮುಂದೆ ರಾಯಗಡದಂಥ ಲಾರಿ ಬಂದು ನಿಂತರೆ? 2025ರ ಜುಲೈನಲ್ಲಿ ಎನ್‌ಐಎ ಮೂವರನ್ನು ಬಂಧಿಸಿತು. ಪರಪ್ಪನ ಅಗ್ರಹಾರದಲ್ಲಿದ್ದ ಲಷ್ಕರ್ ನಂಟಿನ ಕೈದಿಯ ಜಾಲದ ಪ್ರಕರಣ ಅದು. ಬಂಧಿತರಲ್ಲಿ ಜೈಲಿನ ಮನೋವೈದ್ಯರೊಬ್ಬರು ಮತ್ತು ಒಬ್ಬ ಎಎಸ್‌ಐ ಇದ್ದಾರೆ. ಕೈದಿಗಳಿಗೆ ಮೊಬೈಲು ಸಾಗಿಸಿದ್ದು, ದುಡ್ಡಿಗೆ ಮಾಹಿತಿ ಕೊಟ್ಟದ್ದು ಅವರ ಮೇಲಿನ ಆರೋಪ. ಸಾಬೀತಾಗಬೇಕು, ತೀರ್ಪು ಬರುವವರೆಗೆ ಅದು ಆರೋಪ ಮಾತ್ರ. ಆದರೆ ಜೈಲಿನೊಳಗೆ ಮೊಬೈಲಿಗೆ ಇಷ್ಟು, ಬೀಡಿಗೆ ಇಷ್ಟು ಅನ್ನುವ ದರಪಟ್ಟಿಯ ಸುದ್ದಿಯನ್ನು ನಾವು ನಗುತ್ತಾ ಓದಿದ್ದೇವೆ, ಅಲ್ವಾ?

ಕೊನೆಗೆ ದುಡ್ಡು ಎಲ್ಲಿ ಸೇರಿತು ಅನ್ನುವುದು. ಕಾಬೂಲಿನಲ್ಲಿ ಕದ್ದವನು ಕಾಬೂಲಿನಲ್ಲಿ ಇಡುವುದಿಲ್ಲ. ದುಬೈನಲ್ಲೋ ಲಂಡನ್ನಿನಲ್ಲೋ ಮನೆ ಕೊಳ್ಳುತ್ತಾನೆ. ಅಲ್ಲಿ ವಕೀಲರಿದ್ದಾರೆ, ದಲ್ಲಾಳಿಗಳಿದ್ದಾರೆ, ಹಣ ಎಲ್ಲಿಂದ ಬಂತು ಎಂದು ಕೇಳದ ಬ್ಯಾಂಕುಗಳಿವೆ. ಮೂಲ ಹೇಳಲಾಗದ ಆಸ್ತಿಯ ಬಗ್ಗೆ ಮಾಲೀಕನನ್ನೇ ಪ್ರಶ್ನಿಸುವ ಅಧಿಕಾರ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದೇ 2018ರಲ್ಲಿ. ಒಂದು ಕೈಯಲ್ಲಿ ಸೈನ್ಯ ಕಳಿಸಿ ಇನ್ನೊಂದು ಕೈಯಲ್ಲಿ ಆ ಕಳ್ಳಹಣದ ಠೇವಣಿ ತೆಗೆದುಕೊಳ್ಳುವ ದೇಶಗಳು ಭಯೋತ್ಪಾದನೆಯ ಬಗ್ಗೆ ಮಾತಾಡುವಾಗ ನನಗೆ ನಗು ಬರುತ್ತದೆ. ಕೊಳಕು ಹಣದ ಮೇಲೆ ಕಣ್ಣಿಡುವ ಎಫ್‌ಎಟಿಎಫ್‌ನ ಬೂದು ಪಟ್ಟಿಯಲ್ಲಿ, ಅಂದರೆ ನಿಗಾ ಇಡಬೇಕಾದ ದೇಶಗಳ ಪಟ್ಟಿಯಲ್ಲಿ, ಪಾಕಿಸ್ತಾನ ಇದ್ದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಯುಎಇ ಕೂಡ ಇತ್ತು ಅಂತ ಎಷ್ಟು ಜನರಿಗೆ ಗೊತ್ತು? ಅದನ್ನು ಪಟ್ಟಿಗೆ ಸೇರಿಸಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕಾಬೂಲ್ ಬ್ಯಾಂಕ್ ಮುಳುಗಿ ಹನ್ನೊಂದು ವರ್ಷ ದಾಟಿತ್ತು, ಕಾಬೂಲೇ ಬಿದ್ದು ಅರ್ಧ ವರ್ಷ ಆಗಿತ್ತು. 2024ರ ಫೆಬ್ರವರಿಯಲ್ಲಿ ಪಟ್ಟಿಯಿಂದ ತೆಗೆದೂ ಹಾಕಿದರು.